ತಾತನ ಲೆಡ್ಜರು, ಮೊಮ್ಮಗಳ ಇತಿಹಾಸ

ಅರಸೀಕೆರೆ ಸಮೀಪದ ನಮ್ಮ ಊರಿನ ಕೆರೆ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲಿದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಸಂಜೆ ಮನೆಗೆ ಬರುವಾಗ ಆ ಕಲ್ಲಿಗೆ ಸೈಕಲ್ ಒರಗಿಸಿ ಐದು ನಿಮಿಷ ಸುಧಾರಿಸಿಕೊಳ್ಳುತ್ತಿದ್ದೆ. ಎಷ್ಟೋ ವರ್ಷ ಹಾಗೆ ಒರಗಿಸಿದ್ದೇನೆ. ಅದರ ಮೇಲೆ ಏನು ಬರೆದಿದೆ ಎಂದು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಕಳೆದ ಬೇಸಿಗೆಯಲ್ಲಿ ಬಿ.ಎ. ಕೊನೆಯ ಪರೀಕ್ಷೆ ಬರೆದು ಬಂದ ಮೊಮ್ಮಗಳು ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಮಣ್ಣು ಒರೆಸಿದ ಹಾಗೆ ತನ್ನ ದುಪಟ್ಟಾದಿಂದ ಪಾಚಿ ಒರೆಸಿದಳು. "ತಾತಾ, ಕೆಳಗಿನ ಸಾಲಲ್ಲಿ ನೋಡಿ, ಯುದ್ಧ. ನಡುವೆ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಆದರೆ ಈ ಅಕ್ಷರ ಮಾತ್ರ ನನಗೆ ಬರಲ್ಲ. ಇದನ್ನ ಓದೋಕೆ ಕಲೀಬೇಕು. ಇತಿಹಾಸದಲ್ಲಿ ಎಂ.ಎ. ಮಾಡ್ತೀನಿ" ಎಂದಳು.

ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಸಣ್ಣ ಕುರುಕ್ಷೇತ್ರವೇ ನಡೆಯಿತು. "ಇತಿಹಾಸ ಓದಿ ಹೊಟ್ಟೆ ತುಂಬತ್ತಾ ಪುಟ್ಟಿ?" ಎಂದಳು ಸೊಸೆ. ಮಗನಿಗೆ ಮಗಳ ಆಸೆ ಮುರಿಯಲು ಮನಸ್ಸಿಲ್ಲ. ಎರಡು ದಿನ ಬಿಟ್ಟು ಅವನು ಒಂದು ಖಾಸಗಿ ವಿಶ್ವವಿದ್ಯಾಲಯದ ಮಿರಿಮಿರಿ ಮಿಂಚುವ ಪುಸ್ತಿಕೆ ತಂದ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ಎರಡು ವರ್ಷಕ್ಕೆ ಸುಮಾರು ₹3 ಲಕ್ಷ. "ಸಾಲ ತೆಗೆಯೋಣ ಅಪ್ಪಾ, ನೀವೇ ಜಾಮೀನು ನಿಲ್ಲಿ" ಎಂದ.

ಸಾಲ ಎಂಬ ಮಾತು ಬಂದ ಕೂಡಲೇ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಹಳೆಯ ಲೆಡ್ಜರ್ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಲೆಕ್ಕ ಹಾಕಿದೆ. ವರ್ಷಕ್ಕೆ ₹1.5 ಲಕ್ಷದಂತೆ ಎರಡು ಕಂತಿನಲ್ಲಿ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿಗೆ ರಜೆ ಇಲ್ಲ. ಮೊದಲ ಕಂತಿಗೆ ಮೂರು ವರ್ಷ, ಎರಡನೆಯದಕ್ಕೆ ಎರಡು ವರ್ಷ, ಸರಳ ಬಡ್ಡಿ ಹಾಕಿದರೂ ₹75,000. ಸಾಲ ₹3.75 ಲಕ್ಷ ಆಯಿತು. ಅದನ್ನು ಐದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹತ್ತಿರಹತ್ತಿರ ₹8,000. ಇತಿಹಾಸ ಓದಿದವರಿಗೆ ಒಳ್ಳೆಯ ಕೆಲಸ ಸಿಗುತ್ತದೆ, ಆದರೆ ನಿಧಾನವಾಗಿ ಸಿಗುತ್ತದೆ. ಕೆಲಸಕ್ಕೆ ಮೊದಲೇ ಕಂತು ಬಾಗಿಲು ತಟ್ಟಿದರೆ ಮಗು ಓದಿದ್ದನ್ನೇ ಶಪಿಸುತ್ತದೆ. ಅಂಥ ಮಕ್ಕಳನ್ನು ಕೌಂಟರಿನ ಈಚೆ ಕೂತು ನಾನು ನೋಡಿದ್ದೇನೆ.

"ಸಾಲ ಬೇಡ. ಒಂದು ವಾರ ಕೊಡಿ, ಬೇರೆ ದಾರಿ ಹುಡುಕುತ್ತೇನೆ" ಎಂದೆ. ನಿಜ ಹೇಳಬೇಕೆಂದರೆ ಇದರಲ್ಲಿ ನನ್ನದೂ ಒಂದು ಹಳೆಯ ಬಾಕಿಯಿತ್ತು. ನನಗೂ ಇತಿಹಾಸವೆಂದರೆ ಪ್ರಾಣ. ಅಪ್ಪ ಬಿ.ಕಾಂ. ಅರ್ಜಿ ತಂದುಕೊಟ್ಟರು, ನಾನು ಸಹಿ ಮಾಡಿದೆ.

ಇಬ್ಬರೂ ಕೂತು ಪಟ್ಟಿ ಮಾಡಿದೆವು. ಮೊದಲು ಸಿಕ್ಕಿದ್ದು ಕೇಂದ್ರೀಯ ವಿಶ್ವವಿದ್ಯಾಲಯಗಳು. ನಮ್ಮ ಕಲಬುರಗಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಹೊರಗೆ ಹೈದರಾಬಾದ್, ಪುದುಚೇರಿ, ದೆಹಲಿಯ ಜೆಎನ್‌ಯು ಇವೆ. ಇಲ್ಲೆಲ್ಲ ಹೆಸರಾಂತ ವಿದ್ವಾಂಸರಿದ್ದಾರೆ, ಶುಲ್ಕವೂ ಖಾಸಗಿಯವರ ಮುಂದೆ ತೀರಾ ಕಡಿಮೆ. ಆದರೆ ಬಹುಪಾಲು ಕಡೆ ಸಿಯುಇಟಿ-ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬಿ.ಎ. ಕೊನೆಯ ವರ್ಷ ನಡೆಯುತ್ತಿರುವಾಗಲೇ ಅರ್ಜಿ ಕರೆದುಬಿಡುತ್ತಾರೆ. ನಾವು ನೋಡುವಷ್ಟರಲ್ಲಿ ದಿನ ಮೀರಿತ್ತು. ಪುಟ್ಟಿಯ ಮುಖ ಸಣ್ಣದಾಯಿತು. ಮಕ್ಕಳೇ, ಈ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.

ಆಮೇಲೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ವಿಭಾಗ ಒಂದು, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇನ್ನೊಂದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶಾಸನಗಳ ಅಧ್ಯಯನಕ್ಕೆ ಹಳೆಯ ಹೆಸರಿದೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆಯೂ ಅಲ್ಲೇ ಇದೆ. ನಮ್ಮ ಜಂಕ್ಷನ್ನಿನಿಂದ ಎರಡೂ ಕಡೆಗೆ ರೈಲುಂಟು. ಇಂಥ ಕಡೆ ಮೆರಿಟ್ ಸೀಟಿನ ಶುಲ್ಕ ಬೇರೆ, ಪೇಮೆಂಟ್ ಸೀಟಿನದು ಬೇರೆ. ಯಾವುದು ಸಿಕ್ಕಿತೆಂದು ತಿಳಿದ ಮೇಲೆಯೇ ಹಣ ಕಟ್ಟಿ.

ಕೊನೆಯದು ಮನೆಯಲ್ಲೇ ಕೂತು ಓದುವ ದಾರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ಆರಂಭವಾದ ದೆಹಲಿಯ ಇಗ್ನೋ, ಎರಡರಲ್ಲೂ ಇತಿಹಾಸದ ಎಂ.ಎ. ಇದೆ. ಇಗ್ನೋದಲ್ಲಿ ಯಾವುದೇ ಪದವಿಯಾಗಿದ್ದರೂ ಸೇರಬಹುದು, ನನ್ನಂಥ ಬಿ.ಕಾಂ. ಮುದುಕ ಕೂಡ! ಆದರೆ ಅಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಓದಬೇಕು. ಅದರ ಪಾಠಗಳು ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲಿಗೇ ಸೇರುವುದಿದ್ದರೂ ಮೊದಲು ಅಲ್ಲಿ ಒಂದೆರಡು ಪಾಠ ಓದಿ ನೋಡಿದರೆ, ಈ ವಿಷಯ ನಿಮಗೆ ಹಿಡಿಸುತ್ತದೆಯೇ ಎಂದು ಖರ್ಚಿಲ್ಲದೆ ಗೊತ್ತಾಗುತ್ತದೆ.

ದೂರಶಿಕ್ಷಣದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಬಂಧುಗಳ ಹುಡುಗನೊಬ್ಬ ಬಸ್ ನಿಲ್ದಾಣದ ಪಕ್ಕದ 'ಸ್ಟಡಿ ಸೆಂಟರ್' ಒಂದರಲ್ಲಿ ಹಣ ಕಟ್ಟಿ ಹೊರರಾಜ್ಯದ ಪದವಿ ತಂದಿದ್ದ. ಕೆಲಸಕ್ಕೆ ದಾಖಲೆ ಪರಿಶೀಲನೆಯ ದಿನ, ಆ ಕೋರ್ಸಿಗೆ ಮಾನ್ಯತೆಯೇ ಇಲ್ಲವೆಂದು ತಿಳಿಯಿತು. ಹಣ ಹೋಯಿತು, ಎರಡು ವರ್ಷವೂ ಹೋಯಿತು. ದೂರಶಿಕ್ಷಣಕ್ಕೆ ಯುಜಿಸಿ ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿಯನ್ನು ಯುಜಿಸಿಯೇ ತನ್ನ ಜಾಲತಾಣದಲ್ಲಿ ಹಾಕುತ್ತದೆ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಅಲ್ಲೇ ನೋಡಿ. ಏಜೆಂಟನ ಮಾತು ರಸೀದಿಯಾಗುವುದಿಲ್ಲ.

ವಾರ ಮುಗಿಯಿತು. ಲೆಡ್ಜರಿನಲ್ಲಿ ಶುಲ್ಕ, ಊಟ, ವಸತಿ, ಪ್ರಯಾಣ ಎಂದು ಕಾಲಂ ಎಳೆದು ಕೂಡಿಸಿದೆ. ಎಲ್ಲಕ್ಕಿಂತ ಅಗ್ಗವಾಗಿ ಬಂದಿದ್ದು ಮನೆಯಿಂದಲೇ ಓದುವ ದಾರಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹೆಮ್ಮೆಯಿಂದ ಪುಟ್ಟಿಗೆ ತೋರಿಸಿದೆ.

ಅವಳು ಬಹಳ ಹೊತ್ತು ನೋಡಿ ಕೇಳಿದಳು: "ತಾತಾ, ಇದರಲ್ಲಿ ಕಲ್ಲು ಓದೋದನ್ನ ಕಲಿಸೋರು ಯಾರು? ಅದಕ್ಕೊಂದು ಕಾಲಂ ಇಲ್ವಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಕೂಡಿಸುವ ಲೆಕ್ಕ ಸರಿಯಾಗಿತ್ತು, ಲೆಕ್ಕದ ತಲೆಬರಹವೇ ತಪ್ಪಾಗಿತ್ತು. ಕೆಲಸ ಮಾಡುತ್ತಲೇ ಓದುವವರಿಗೆ, ಮನೆ ಬಿಡಲಾಗದ ಹೆಣ್ಣುಮಕ್ಕಳಿಗೆ ಮುಕ್ತ ವಿಶ್ವವಿದ್ಯಾಲಯ ದೊಡ್ಡ ವರ. ನಮ್ಮ ಹುಡುಗಿಗೆ ಬೇಕಾಗಿದ್ದು ಮಾತ್ರ ಪಕ್ಕದಲ್ಲಿ ನಿಂತು ಅಕ್ಷರ ತೋರಿಸುವ ಗುರು, ಕೈಗೆಟಕುವ ದಾಖಲೆ.

ಮರುದಿನ ಹೊಸ ಕಾಲಂ ಎಳೆದೆವು. ಮೈಸೂರಿನ ಮುಂದೆ ಅದು ತುಂಬಿಹೋಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಇರುವುದು ಅದೇ ಊರಿನಲ್ಲಿ. 1891ರಲ್ಲಿ ಶುರುವಾದ ಪ್ರಾಚ್ಯ ಗ್ರಂಥಾಲಯವೂ ಅಲ್ಲೇ. ಮಕ್ಕಳೇ, ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ನೀವು ಕೇಳಿದ್ದೀರಿ. ಶತಮಾನಗಳ ಕಾಲ ಜನ ಅದು ಕಳೆದೇಹೋಯಿತು ಎಂದುಕೊಂಡಿದ್ದರು. ಆ ಗ್ರಂಥಾಲಯಕ್ಕೆ ಬಂದ ಓಲೆಗರಿಗಳ ನಡುವೆ ಅದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿನ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳು. ಓದಲು ಬರುವವರೊಬ್ಬರು ಇದ್ದುದರಿಂದ ಆ ಗ್ರಂಥ ಬದುಕಿತು.

ಈಗ ಖರ್ಚು. ಮೆರಿಟ್ ಸೀಟು ಸಿಕ್ಕಿತು. ಹಾಸ್ಟೆಲಿಗೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿದೆವು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ಒಂದೇ ಜಾಲತಾಣವಿದೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟರೆ ಕೊನೆಯ ದಿನ ಓಡಾಟ ತಪ್ಪುತ್ತದೆ. ಊರಿಗೆ ಬಂದುಹೋಗಲು ಶಕ್ತಿ ಯೋಜನೆಯ ಬಸ್ಸು ಉಚಿತ. ಉಳಿದದ್ದು ನನ್ನ ಪಿಂಚಣಿಯಿಂದ ಹೊಂದುತ್ತದೆ. ಸಾಲದ ಅರ್ಜಿ ಹರಿದುಹಾಕಿದೆವು.

ನನ್ನಂಥ ಅಜ್ಜ-ಅಜ್ಜಿಯರಿಗಾಗಿ ನಮ್ಮ ಲೆಡ್ಜರಿನ ಕಾಲಂಗಳನ್ನು ಇಲ್ಲಿ ಕೊಡುತ್ತೇನೆ:

1. ಯುಜಿಸಿ ಮಾನ್ಯತೆ ಇದೆಯೇ? ನ್ಯಾಕ್ ಶ್ರೇಣಿ ಏನು?

2. ಮಗುವಿಗೆ ಇಷ್ಟವಾದ ಭಾಗವನ್ನು ಕಲಿಸುವ ಅಧ್ಯಾಪಕರು ಈಗ ಅಲ್ಲಿದ್ದಾರೆಯೇ? ಕಾಯಂ ಹುದ್ದೆಯವರು ಎಷ್ಟು ಮಂದಿ? ಹೋಗಿ ನೋಡಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ.

3. ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಕ್ಷೇತ್ರ ಪ್ರವಾಸ, ಪ್ರಬಂಧ ಬರೆಯುವ ಕೆಲಸ ಉಂಟೇ?

4. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ? ಬಿ.ಎ.ಯಲ್ಲಿ ಇತಿಹಾಸ ಓದಿರಲೇಬೇಕೇ?

5. ಶುಲ್ಕದ ಜೊತೆಗೆ ಊಟ, ಬಾಡಿಗೆ, ಪ್ರಯಾಣ ಸೇರಿಸಿ ಎರಡು ವರ್ಷಕ್ಕೆ ಒಟ್ಟು ಎಷ್ಟು?

6. ಮುಂದೇನು? ಕಾಲೇಜು ಅಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ 55 ಅಂಕ ಪಡೆದು ನೆಟ್ ಅಥವಾ ಕೆ-ಸೆಟ್ ಬರೆಯಬೇಕು. ಮೀಸಲು ವರ್ಗದವರಿಗೆ ಶೇ 50 ಸಾಕು. ಶಾಲೆಗಾದರೆ ಬಿ.ಎಡ್. ಬೇಕು. ವಸ್ತುಸಂಗ್ರಹಾಲಯ, ಪತ್ರಾಗಾರ, ಪುರಾತತ್ವ ಇಲಾಖೆಗಳಲ್ಲೂ ಅವಕಾಶವುಂಟು.

ಮೊನ್ನೆ ಸಂಕ್ರಾಂತಿಗೆ ಪುಟ್ಟಿ ಬಂದಿದ್ದಳು. ಎಳ್ಳುಬೆಲ್ಲ ಬೀರಲು ಹೊರಟವಳು ಏರಿಯ ಬಳಿ ನಿಂತಳು. ಸವೆದ ಕಲ್ಲಿನ ಮೇಲೆ ಬೆರಳಾಡಿಸುತ್ತಾ ಅರ್ಧ ಗಂಟೆ ತಿಣುಕಿದಳು. ಎರಡೇ ಪದ ದಕ್ಕಿದವು. "ತಾತಾ, ಇಲ್ಲಿ 'ತುರು' ಅಂತಿದೆ. ತುರು ಅಂದರೆ ದನ. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನ ಬಿಡಿಸೋಕೆ ಹೋಗಿ ಸತ್ತಿರಬೇಕು ಈತ. ಹೆಸರು ಇನ್ನೂ ಸಿಕ್ಕಿಲ್ಲ. ಮುಂದಿನ ಸಲ ನಮ್ಮ ಮೇಷ್ಟ್ರನ್ನ ಕೇಳಿಕೊಂಡು ಬರ್ತೀನಿ."

ನಾನು ಸೈಕಲನ್ನು ಆಚೆ ಹುಣಸೆಮರಕ್ಕೆ ಒರಗಿಸಿ ಬಂದು ಆ ಕಲ್ಲಿನ ಮುಂದೆ ನಿಂತೆ. ಸೊಸೆಯೂ ಬಂದು ನಿಂತಿದ್ದಳು. ತಟ್ಟೆಯಲ್ಲಿದ್ದ ಎಳ್ಳುಬೆಲ್ಲದಲ್ಲಿ ಒಂದು ಚಿಟಿಕೆ ತೆಗೆದು ಆ ಹೆಸರಿಲ್ಲದವನ ಮುಂದೆ ಇಟ್ಟಳು.