ಹಳೆಯ ಡೀಸೆಲ್ ವ್ಯಾನಿಗೆ ಹೊಸ ಬ್ಯಾಟರಿ: ಆಯ್ಕೆ ಮತ್ತು ಅಳವಡಿಕೆ

ತರಕಾರಿ, ಹೂವು, ಹಾಲು ಇವು ಕಾಯುವ ಸರಕುಗಳಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆಯ ಬೆಳಗಿನ ಹರಾಜಿಗೆ ಮಾಲು ತಲುಪಬೇಕಾದರೆ ವ್ಯಾನು ನಸುಕಿನಲ್ಲೇ ಹಳ್ಳಿ ಬಿಡಬೇಕು. ಕ್ರೇಟುಗಳನ್ನೆಲ್ಲ ಹೇರಿದ ಮೇಲೆ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಮಾತ್ರ ಬಂದು ಇಂಜಿನ್ ಸುಮ್ಮನಾದರೆ ಆ ದಿನದ ದುಡಿಮೆಯೇ ಕೈತಪ್ಪುತ್ತದೆ. ತಡವಾಗಿ ಹೋದ ಮಾಲು ಸಿಕ್ಕ ಬೆಲೆಗೆ ಮಾರಾಟವಾಗುತ್ತದೆ.

ಹಳ್ಳಿಗಳಲ್ಲಿ ಹಳೆಯ ಮೆಟಡೋರ್ ಹಾಗೂ ಅಂಥದೇ ಡೀಸೆಲ್ ವ್ಯಾನುಗಳು ಇಂದಿಗೂ ದುಡಿಯುತ್ತಿವೆ. ಇವು ಸ್ಟಾರ್ಟ್ ಆಗದಿದ್ದಾಗ ಮೊದಲ ದೂರು ಬ್ಯಾಟರಿಯ ಮೇಲೆಯೇ. ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತಂದು ಹಾಕಿದರೂ ಕೆಲವು ತಿಂಗಳಲ್ಲಿ ಅದೇ ತೊಂದರೆ ಮರುಕಳಿಸುವುದುಂಟು. ಮೂಲ ದೋಷ ಬೇರೆಡೆ ಉಳಿದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಆದ್ದರಿಂದ ಮೊದಲು ಪರೀಕ್ಷೆ, ಅನಂತರ ಆಯ್ಕೆ, ಕೊನೆಗೆ ಅಳವಡಿಕೆ ಎಂಬ ಕ್ರಮವನ್ನು ಅನುಸರಿಸುವುದು ಅವಶ್ಯಕ.

ಡೀಸೆಲ್ ಇಂಜಿನ್ನಿಗೆ ಬಲವಾದ ಬ್ಯಾಟರಿ ಏಕೆ?

ಪೆಟ್ರೋಲ್ ಇಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಕಿಡಿ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಳೆಯ ವ್ಯಾನುಗಳ ಇಂಜಿನ್ನಿನಲ್ಲಿ ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಒತ್ತಲಾಗುತ್ತದೆ. ಇದಕ್ಕೆ ಸ್ಟಾರ್ಟರ್ ಮೋಟಾರು ಬಹಳ ಶಕ್ತಿ ಬಳಸುತ್ತದೆ; ಮೊದಲ ಕ್ಷಣದಲ್ಲಿ ಅದು ಎಳೆಯುವ ಪ್ರವಾಹ 300 ಆಂಪಿಯರನ್ನೂ ಮೀರಬಹುದು. ಹೀಟರ್ ಪ್ಲಗ್‌ಗಳಿದ್ದರೆ ನಾಲ್ಕೂ ಸೇರಿ 40 ರಿಂದ 60 ಆಂಪಿಯರ್ ಬೇಡುತ್ತವೆ.

ಇಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ಪಿಸ್ಟನ್ ರಿಂಗುಗಳ ಸಂದಿಯಿಂದ ಸೋರುತ್ತದೆ. ಕಾವೂ ಸಿಲಿಂಡರಿನ ಗೋಡೆಗೆ ಹೋಗಿಬಿಡುತ್ತದೆ. ಆಗ ಎಷ್ಟು ಹೊತ್ತು ತಿರುಗಿಸಿದರೂ ಡೀಸೆಲ್ ಹೊತ್ತುವುದಿಲ್ಲ. ರಿಂಗುಗಳು ಸವೆದ ಹಳೆಯ ಇಂಜಿನ್ನಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ‘ಹಳೇ ಗಾಡಿಗೆ ಅಗ್ಗದ ಸಣ್ಣ ಬ್ಯಾಟರಿ ಸಾಕು’ ಎಂಬ ಎಣಿಕೆ ಈ ಕಾರಣದಿಂದ ತಪ್ಪು.

ಕೊಳ್ಳುವ ಮುನ್ನ ಪರೀಕ್ಷೆ

ಸಣ್ಣದೊಂದು ವೋಲ್ಟ್ ಮೀಟರ್ ಇದ್ದರೆ ಈ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು.

ಮೊದಲನೆಯದು, ನಿಂತ ಬ್ಯಾಟರಿಯ ಪರೀಕ್ಷೆ. ರಾತ್ರಿಯೆಲ್ಲ ನಿಂತ ವ್ಯಾನಿನ ದೀಪಗಳನ್ನು ಹೊತ್ತಿಸದೆ ಅಳೆದಾಗ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ ಎಂದರ್ಥ. 12.4 ಇದ್ದರೆ ಸುಮಾರು ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗ ಮಾತ್ರ ಉಳಿದಿದೆ. ಕಡಿಮೆ ಇದ್ದಲ್ಲಿ ಮೊದಲು ಪೂರ್ತಿ ಚಾರ್ಜ್ ಮಾಡಿಸಿ, ಮುಂದಿನ ಪರೀಕ್ಷೆಗೆ ಹೋಗಬೇಕು.

ಎರಡನೆಯದು, ಸ್ಟಾರ್ಟ್ ಮಾಡುವಾಗಿನ ಪರೀಕ್ಷೆ. ತುಂಬಿದ ಬ್ಯಾಟರಿಯ ವೋಲ್ಟೇಜು ಇಂಜಿನ್ ತಿರುಗಿಸುವಾಗ 9.6 ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿರುವ ಸಂಭವ ಹೆಚ್ಚು. ಅದೇ ವೋಲ್ಟೇಜು 11 ಕ್ಕಿಂತ ಮೇಲೆಯೇ ನಿಂತು ಮೋಟಾರು ಮಾತ್ರ ತಿರುಗದಿದ್ದರೆ ಬ್ಯಾಟರಿ ನಿರಪರಾಧಿ. ದೋಷ ಕೇಬಲ್ಲಿನಲ್ಲೋ, ಅರ್ತ್ ಪಟ್ಟಿಯಲ್ಲೋ, ಸ್ಟಾರ್ಟರಿನಲ್ಲೋ ಇದೆ. ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಬೋಲ್ಟಿನಡಿ ತುಕ್ಕು ಕೂತಿರುವುದು ಹಳೆಯ ವ್ಯಾನುಗಳಲ್ಲಿ ಸಾಮಾನ್ಯ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಯುವಷ್ಟಕ್ಕೇ ಹಲವು ವ್ಯಾನುಗಳು ಸರಿಹೋಗುತ್ತವೆ.

ಮೂರನೆಯದು, ಚಾರ್ಜಿಂಗ್ ಪರೀಕ್ಷೆ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8 ರಿಂದ 14.4 ವೋಲ್ಟ್ ಇರಬೇಕು. 13.2 ಕ್ಕಿಂತ ಕಡಿಮೆಯಾದರೆ ಬೆಲ್ಟು ಸಡಿಲವಾಗಿರಬಹುದು ಅಥವಾ ಆಲ್ಟರ್ನೇಟರ್ ಕೆಟ್ಟಿರಬಹುದು. 15 ನ್ನು ಮುಟ್ಟಿದರೆ ರೆಗ್ಯುಲೇಟರ್ ಕೆಟ್ಟಿದೆ; ಆಗ ಬ್ಯಾಟರಿಯ ನೀರು ಬೇಗ ಆರಿ ಫಲಕಗಳು ಹಾಳಾಗುತ್ತವೆ. ವರ್ಷಕ್ಕೊಂದು ಬ್ಯಾಟರಿ ತಿನ್ನುವ ವ್ಯಾನಿನಲ್ಲಿ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ನಾಲ್ಕನೆಯದು, ರಾತ್ರಿ ಸೋರಿಕೆಯ ಪರೀಕ್ಷೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಋಣ ಕೇಬಲ್ ಬಿಚ್ಚಿ, ಅದಕ್ಕೂ ಬ್ಯಾಟರಿಯ ಋಣ ಕಂಬಕ್ಕೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಸೇರಿಸಬೇಕು. ಬಲ್ಬು ಚೆನ್ನಾಗಿ ಉರಿದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ. ಆಮೇಲೆ ಸೇರಿಸಿದ ಟೇಪ್ ರೆಕಾರ್ಡರು, ಹೆಚ್ಚುವರಿ ದೀಪ, ಹಾರನ್ನುಗಳ ವೈರುಗಳನ್ನು ಮೊದಲು ನೋಡಬೇಕು.

ಬಿರಡೆ ಇರುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಕೋಣೆಗಳ ಆಮ್ಲವನ್ನು ಅಳೆಯಬಹುದು. ಒಂದೇ ಕೋಣೆಯ ಅಂಕಿ ಉಳಿದವುಗಳಿಗಿಂತ 0.050 ರಷ್ಟು ಕೆಳಗಿದ್ದು, ಚಾರ್ಜ್ ಮಾಡಿದರೂ ಏರದಿದ್ದರೆ ಆ ಕೋಣೆ ಸತ್ತಿದೆ. ಅಂಥ ಬ್ಯಾಟರಿಯನ್ನು ಬದಲಿಸುವುದೇ ಸರಿ.

ಆಯ್ಕೆ ಹೇಗೆ?

ಹೊಸದನ್ನು ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು.

ಸಾಮರ್ಥ್ಯ: ವ್ಯಾನಿನ ಕೈಪಿಡಿಯಲ್ಲಿ ಹೇಳಿದ ಆಂಪಿಯರ್-ಗಂಟೆಗಿಂತ ಕಡಿಮೆಯದನ್ನು ಕೊಳ್ಳಬಾರದು. 80 ಆಂಪಿಯರ್-ಗಂಟೆ ಎಂದರೆ 4 ಆಂಪಿಯರ್ ಪ್ರವಾಹವನ್ನು 20 ಗಂಟೆ ಕೊಡಬಲ್ಲದು ಎಂದರ್ಥ. ಇದರ ಜೊತೆಗೆ ಸ್ಟಾರ್ಟಿಂಗ್ ಪ್ರವಾಹವನ್ನು ಸೂಚಿಸುವ ‘ಸಿಸಿಎ’ ಅಂಕಿಯನ್ನೂ ನೋಡಬೇಕು. ಡೀಸೆಲ್ ಇಂಜಿನ್ನಿಗೆ ಇದೇ ಮುಖ್ಯ. ಒಂದೇ ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳಲ್ಲಿ ಸಿಸಿಎ ಹೆಚ್ಚಿರುವುದು ಮೇಲು. ಸ್ವಲ್ಪ ದೊಡ್ಡ ಬ್ಯಾಟರಿ ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ ಎಂಬ ಭಯಕ್ಕೆ ಕಾರಣವಿಲ್ಲ. ಖರ್ಚಾದಷ್ಟನ್ನು ಮಾತ್ರ ಅದು ತುಂಬಬೇಕಾಗುತ್ತದೆ. ಆದರೆ ಪೂರ್ತಿ ಇಳಿದ ಬ್ಯಾಟರಿಯನ್ನು ಹೊರಗಿನ ಚಾರ್ಜರಿನಲ್ಲಿ ತುಂಬಿಸಿಯೇ ಹಾಕಬೇಕು.

ಅಳತೆ ಮತ್ತು ಕಂಬಗಳ ದಿಕ್ಕು: ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಧನ ಕಂಬ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೂ ಬರೆದುಕೊಳ್ಳಬೇಕು. ದಿಕ್ಕು ತಪ್ಪಿದರೆ ಕೇಬಲ್ ಎಟುಕದೆ, ಎಳೆದು ಜೋಡಿಸುವ ಪ್ರಸಂಗ ಬರುತ್ತದೆ.

ತಯಾರಾದ ದಿನ: ಬ್ಯಾಟರಿ ಅಂಗಡಿಯಲ್ಲಿ ಕೂತಿದ್ದರೂ ತಾನಾಗಿ ಇಳಿಯುತ್ತದೆ. ಆದಷ್ಟು ಇತ್ತೀಚೆಗೆ ತಯಾರಾದದ್ದನ್ನು ಆರಿಸಿ, ವೋಲ್ಟೇಜನ್ನು ಅಲ್ಲೇ ಅಳೆಸಬೇಕು. ಗ್ಯಾರಂಟಿ ಕಾರ್ಡಿನ ಮೇಲೆ ತಾರೀಖು, ಮೊಹರು ಹಾಕಿಸುವುದನ್ನು ಮರೆಯಬಾರದು.

ಬಗೆ: ಮನೆಯ ಇನ್ವರ್ಟರ್ ಬ್ಯಾಟರಿಯನ್ನು ವ್ಯಾನಿಗೆ ಹಾಕಬಾರದು. ಅದರ ದಪ್ಪ ಫಲಕಗಳು ಬಹಳ ಹೊತ್ತು ಸ್ವಲ್ಪ ಸ್ವಲ್ಪ ಕೊಡಲು ತಕ್ಕವು. ವ್ಯಾನಿನ ಬ್ಯಾಟರಿಯಲ್ಲಿ ತೆಳು ಫಲಕಗಳು ಹೆಚ್ಚು ಸಂಖ್ಯೆಯಲ್ಲಿದ್ದು ಕೆಲವೇ ಸೆಕೆಂಡು ಭಾರೀ ಪ್ರವಾಹ ಕೊಡುತ್ತವೆ. ಇದೇ ಕಾರಣದಿಂದ ವ್ಯಾನಿನ ಬ್ಯಾಟರಿಯನ್ನು ತೋಟದ ವಿದ್ಯುತ್ ಬೇಲಿಗೋ ದೀಪಕ್ಕೋ ರಾತ್ರಿಯೆಲ್ಲ ಬಳಸಿದರೆ ಅದು ಬೇಗ ಸಾಯುತ್ತದೆ. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಾದರೋ ಸಾಮರ್ಥ್ಯ, ಅಳತೆ, ಕಂಬಗಳ ದಿಕ್ಕು ಹೊಂದಿದಲ್ಲಿ ವ್ಯಾನಿಗೆ ಆಗುತ್ತದೆ.

ಅಳವಡಿಸುವ ಕ್ರಮ

1. ಇಂಜಿನ್ ಆರಿಸಿ, ಕೀಲಿ ತೆಗೆಯಬೇಕು. ಉಂಗುರ, ಬಳೆ, ಕೈಗಡಿಯಾರ ಬಿಚ್ಚಿಡಬೇಕು. ಬ್ಯಾಟರಿಯಿಂದ ಹೊರಬರುವ ಜಲಜನಕ ಅನಿಲ ಸಿಡಿಯುವಂಥದು. ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು.

2. ಚಾಸಿಗೆ ಜೋಡಿಸಿದ ಕೇಬಲನ್ನು ಮೊದಲು ಬಿಚ್ಚಬೇಕು. ಸಾಮಾನ್ಯವಾಗಿ ಇದು ಋಣ ಕೇಬಲ್. ಧನ ಕೇಬಲನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ಗಾಡಿಯ ಮೈಗೆ ತಗಲಿದರೆ ದೊಡ್ಡ ಕಿಡಿ ಹಾರುತ್ತದೆ.

3. ಹಳೆಯ ಬ್ಯಾಟರಿಯನ್ನು ವಾಲಿಸದೆ ಎತ್ತಬೇಕು. ತಟ್ಟೆಯ ಮೇಲೆ ಚೆಲ್ಲಿದ ಆಮ್ಲವನ್ನು ಅಡುಗೆ ಸೋಡ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಣ್ಣ ಬಳಿಯಬೇಕು.

4. ಕೇಬಲ್ ಕ್ಲಾಂಪುಗಳ ಒಳಮೈ ಹೊಳೆಯುವಂತೆ ಉಜ್ಜಬೇಕು. ಎಳೆಗಳು ಹಸಿರುಗಟ್ಟಿ ತುಂಡಾಗಿದ್ದರೆ ಕೇಬಲನ್ನೇ ಬದಲಿಸಬೇಕು.

5. ಹೊಸ ಬ್ಯಾಟರಿಯನ್ನು ಕೂರಿಸಿ, ಹಿಡಿಪಟ್ಟಿಯಿಂದ ಅಲುಗಾಡದಂತೆ ಬಿಗಿಯಬೇಕು. ಹಳ್ಳಿಯ ರಸ್ತೆಯ ಕುಲುಕಾಟಕ್ಕೆ ಸಡಿಲ ಬ್ಯಾಟರಿಯ ಫಲಕಗಳ ಲೇಪ ಉದುರುತ್ತದೆ. ಹಗ್ಗ ಕಟ್ಟಿದರೆ, ಇಟ್ಟಿಗೆ ಒತ್ತಿದರೆ ಸಾಲದು.

6. ಧನ ಕೇಬಲ್ ಮೊದಲು, ಋಣ ಕೇಬಲ್ ಕೊನೆಗೆ ಜೋಡಿಸಬೇಕು. ಧನ ಕಂಬ ಸ್ವಲ್ಪ ದಪ್ಪಗಿರುತ್ತದೆ. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಧನ-ಋಣ ಅದಲುಬದಲಾದರೆ ಆಲ್ಟರ್ನೇಟರಿನ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ.

7. ಬಿಗಿದ ಮೇಲೆ ವ್ಯಾಸಲಿನ್ ಸವರಬೇಕು. ನಂತರ ಇಂಜಿನ್ ಓಡಿಸಿ ಚಾರ್ಜಿಂಗ್ ವೋಲ್ಟೇಜನ್ನು ಮತ್ತೊಮ್ಮೆ ಅಳೆಯಬೇಕು.

ಆಮ್ಲ ಕಣ್ಣಿಗೆ ಅಥವಾ ಚರ್ಮಕ್ಕೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಲ್ಲಿ ವೈದ್ಯರನ್ನು ಕಾಣಲೇಬೇಕು.

ಮುಂದಿನ ಆರೈಕೆ

ಬಿರಡೆಯ ಬ್ಯಾಟರಿಯಲ್ಲಿ ಆರುವುದು ನೀರು ಮಾತ್ರ, ಆಮ್ಲವಲ್ಲ. ಆದ್ದರಿಂದ ಡಿಸ್ಟಿಲ್ಡ್ ವಾಟರನ್ನೇ ಸುರಿಯಬೇಕು, ಆಮ್ಲ ಸೇರಿಸಬಾರದು. ಬೆಳೆಗೆ ಒಗ್ಗುವ ಕೊಳವೆಬಾವಿಯ ನೀರು ಬ್ಯಾಟರಿಗೆ ಒಗ್ಗದು. ಅದರಲ್ಲಿರುವ ಕಬ್ಬಿಣ ಮತ್ತು ಕ್ಲೋರೈಡುಗಳು ಫಲಕಗಳನ್ನು ಕೆಡಿಸುತ್ತವೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ನೀರು ಬೇಗ ಆರುವುದರಿಂದ ಹದಿನೈದು ದಿನಕ್ಕೊಮ್ಮೆ ನೋಡುವುದು ಒಳ್ಳೆಯದು.

ಕಟಾವಿಲ್ಲದ ತಿಂಗಳುಗಳಲ್ಲಿ ವ್ಯಾನು ನಿಂತೇ ಇರುತ್ತದೆ. ಇಳಿದ ಬ್ಯಾಟರಿ ಹಾಗೆಯೇ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜನ್ನು ಹಿಡಿಯುವುದಿಲ್ಲ. ಅಂಥ ಸಮಯದಲ್ಲಿ ಋಣ ಕೇಬಲ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು.

ಹಳೆಯ ಬ್ಯಾಟರಿಯನ್ನು ಏನು ಮಾಡಬೇಕು?

ಹಳೆಯ ಬ್ಯಾಟರಿಯನ್ನು ಒಡೆದು ಸೀಸ ತೆಗೆಯುವುದಾಗಲಿ, ಆಮ್ಲವನ್ನು ಕಾಲುವೆಗೋ ತಿಪ್ಪೆಗೋ ಸುರಿಯುವುದಾಗಲಿ ಸಲ್ಲದು. ಮಣ್ಣಿಗೆ ಸೇರಿದ ಸೀಸ ಕೊಳೆಯುವುದೂ ಇಲ್ಲ, ಸುಲಭವಾಗಿ ಕೊಚ್ಚಿಹೋಗುವುದೂ ಇಲ್ಲ. ಆ ಮಣ್ಣು ಅಂಟಿದ ಸೊಪ್ಪಿನ ಮೂಲಕ, ಆಡುವ ಮಕ್ಕಳ ಕೈಯ ಮೂಲಕ ಅದು ದೇಹ ಸೇರುತ್ತದೆ. 2022 ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ ಸಂಗ್ರಹಣೆಗೆ ಒಪ್ಪಿಸಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಮಣ್ಣೂ ಉಳಿಯುತ್ತದೆ.

ಒಟ್ಟಿನಲ್ಲಿ ವೋಲ್ಟ್ ಮೀಟರಿನೊಡನೆ ಅರ್ಧ ಗಂಟೆ ಕಳೆದ ಮೇಲೆಯೇ ಹಣದ ಚೀಲ ಬಿಚ್ಚುವುದು ಜಾಣತನ. ಬ್ಯಾಟರಿಯೇ ಕೆಟ್ಟಿದ್ದಲ್ಲಿ ತಕ್ಕದ್ದನ್ನು ತಂದು ಬಿಗಿಯಾಗಿ, ಸ್ವಚ್ಛವಾಗಿ ಕೂರಿಸಿದರೆ ಮುಂದಿನ ಸುಗ್ಗಿಯಲ್ಲಿ ಮಾಲು ಹೇರಿದ ವ್ಯಾನು ಮೊದಲ ಕೀಲಿಗೇ ಹೊರಡುವುದು.