ಒರಟು ಉಣ್ಣೆಯ ಕರಿ ಕಂಬಳಿ

ಬೆಳುಗುಪ್ಪ, ರಾಯದುರ್ಗ, ಕಲ್ಯಾಣದುರ್ಗ, ಮಡಕಶಿರಾ. ಆಂಧ್ರದ ಈ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಕುರಿ ಹೆಚ್ಚು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಗಡಿಯ ಈಚೆಗೆ ಕಂಬಳಿಗೆ ಹೆಸರಾದ ಚಳ್ಳಕೆರೆ. ಎರಡೂ ಕಡೆ ಕುರುಬರ ಕಸುಬು ಒಂದೇ: ಕುರಿ ಕಾಯುವುದು, ಕಂಬಳಿ ನೇಯುವುದು.

ಉಣ್ಣೆ ಮೆತ್ತಗಿದ್ದಷ್ಟೂ ಪೇಟೆಯಲ್ಲಿ ಬೆಲೆ ಜಾಸ್ತಿ. ಮಂಗೋಲಿಯಾದ ಎರಡು ಡುಬ್ಬದ ಒಂಟೆ ಚಳಿಗಾಲ ಕಳೆದ ಮೇಲೆ ಉದುರಿಸುವ ಒಳಗೂದಲಿನಿಂದ ದುಬಾರಿ ಕೋಟುಗಳಾಗುತ್ತವೆ. ನಮ್ಮ ದಖ್ಖನಿ ಕುರಿಯ ತುಪ್ಪಟ ಹಾಗಲ್ಲ, ಕಪ್ಪು, ಗಿಡ್ಡ, ಒರಟು. ಆದರೆ ಬಯಲಲ್ಲಿ ರಾತ್ರಿ ಕಳೆಯುವವನಿಗೆ ಬೇಕಾದದ್ದು ಇದೇ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ತುಂತುರು ಮಳೆಗೆ ಕಂಬಳಿಯ ಕೊಪ್ಪೆ ಹಾಕಿಕೊಂಡರೆ ತಲೆ, ಬೆನ್ನು ಎರಡೂ ಬೆಚ್ಚಗೆ. ರಾತ್ರಿ ಅದನ್ನೇ ಹಾಸಿ ಹೊದೆಯಬಹುದು. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಗದ್ದುಗೆಗೂ ಅದೇ. ಮೈಲಾರಲಿಂಗನ ಗೊರವರ ಮೈಮೇಲೂ ಕರಿ ಕಂಬಳಿಯೇ.

ವರ್ಷಕ್ಕೆ ಎರಡು ಸಲ ಕುರಿ ಮೈ ತೊಳೆದು ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ನಯ. ಹಿಂಜುವುದು, ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ. ಆಮೇಲಿನದು ನೋಡುವಂಥದ್ದು. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಹುಣಸೆಬೀಜ ನೆನೆಸಿ ರುಬ್ಬಿ ಕುದಿಸಿದ ಸರಿಯನ್ನು ದೊಡ್ಡ ಕುಂಚದಿಂದ ಬಳಿಯುತ್ತಾರೆ. ಒಂದೆಳೆಯ ಉಣ್ಣೆನೂಲಿಗೆ ಜುಂಗು ಜಾಸ್ತಿ. ಎಳೆ ಎಳೆಗೆ ಅಂಟಿಕೊಂಡು ಮಗ್ಗದಲ್ಲಿ ಹರಿಯುತ್ತದೆ. ಸರಿ ಒಣಗಿದರೆ ಜುಂಗು ಕೂತು ನೂಲು ಬಿರುಸಾಗಿ, ಕುಣಿಮಗ್ಗದ ಹೊಡೆತ ತಾಳುತ್ತದೆ. ಹೊಸ ಕಂಬಳಿ ಹಲಗೆಯಂತೆ ಸೆಡೆತುಕೊಂಡಿರುವುದು ಈ ಸರಿಯಿಂದಲೇ. ಬಳಸುತ್ತಾ ಬಂದಂತೆ ಬಗ್ಗುತ್ತದೆ.

ಈಗ ಸಾಕುವವರಿಗೆ ಮಾಂಸದ ದುಡ್ಡೇ ಮುಖ್ಯ. ಮೈಮೇಲೆ ಉಣ್ಣೆಯೇ ಇಲ್ಲದ ನೆಲ್ಲೂರು ತಳಿಯ ಕುರಿಗಳು ಹಿಂಡಿಗೆ ಸೇರಿ, ಕರಿ ಕುರಿ ಕಡಿಮೆಯಾಗಿದೆ. ಗಿರಣಿಯ ಅಗ್ಗದ ರಗ್ಗು ಸಂತೆಗೂ ಬಂದಿದೆ. ಉಣ್ಣೆಗೆ, ನೂಲುವ ಕೈಗೆ ತಕ್ಕ ಬೆಲೆ ಸಿಗದೆ ಕುಣಿಮಗ್ಗ ಉಳಿಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಕೊಳ್ಳುವವರು ನೋಡಿ ಕೊಳ್ಳಬೇಕು. ಅಂಚಿನ ಒಂದೆಳೆ ಕಿತ್ತು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗಂಟಾಗುತ್ತದೆ.