ಸಾತೆಯ ಗುಟ್ಟು ಶೇಂಗಾದಲ್ಲಿಲ್ಲ

ಶೇಂಗಾ ಸಾಸ್ ಚೆನ್ನಾಗಿ ಬಂತೆಂದರೆ ಸಾತೆ ಗೆದ್ದಂತೆಯೇ ಎಂಬುದು ಕಡ್ಡಿಗೆ ಪೋಣಿಸಿ ಸುಟ್ಟ ಇಂಡೊನೇಷ್ಯಾದ ಈ ಮಾಂಸವನ್ನು ಮನೆಯಲ್ಲಿ ಮಾಡಹೊರಟ ಬಹುಪಾಲು ಜನರ ನಂಬಿಕೆ. ಹೀಗಾಗಿ ಇಡೀ ಸಂಜೆ ಮಿಕ್ಸಿಯ ಮುಂದೆಯೇ ಕಳೆಯುತ್ತದೆ. ಮಾಂಸ ಹೆಚ್ಚುವುದು ಅವಸರದಲ್ಲಿ, ಸುಡುವುದು ಇನ್ನೂ ಅವಸರದಲ್ಲಿ. ಕೊನೆಗೆ ಸಾಸ್ ಬಾಯಿ ಚಪ್ಪರಿಸುವಂತಿರುತ್ತದೆ, ಮಾಂಸ ಮಾತ್ರ ಅಗಿದಷ್ಟೂ ಮುಗಿಯುವುದಿಲ್ಲ.

ಶೇಂಗಾ ಇಲ್ಲದ ಸಾತೆಗಳು ಇಂಡೊನೇಷ್ಯಾದಲ್ಲಿ ಬೇಕಾದಷ್ಟಿವೆ. ಪಶ್ಚಿಮ ಜಾವಾದ ಪುರ್ವಕರ್ತದಲ್ಲಿ ‘ಸಾತೆ ಮರಂಗಿ’ ಮಾಡುತ್ತಾರೆ. ಅದರಲ್ಲಿ ಕೊತ್ತಂಬರಿ ಬೀಜ ಮತ್ತು ಸಿಹಿ ಸೋಯಾ ಸಾಸ್‌ನಲ್ಲಿ ನೆನೆದ ದನದ ಮಾಂಸ; ನಂಜಿಕೊಳ್ಳಲು ಟೊಮ್ಯಾಟೊ, ಹಸಿಮೆಣಸಿನ ಸಂಬಲ್ ಎಂಬ ಚಟ್ನಿ. ಸುಮಾತ್ರಾದ ಪಡಾಂಗ್ ಸಾತೆಯ ಮೇಲೆ ಸುರಿಯುವುದು ಅರಿಸಿನ ಹಾಕಿ ಅಕ್ಕಿಹಿಟ್ಟಿನಿಂದ ಗಟ್ಟಿ ಮಾಡಿದ ಹಳದಿ ಗಸಿ. ಯೋಗ್ಯಕರ್ತದ ಪಕ್ಕದ ಬಾಂತುಲ್‌ನ ‘ಸಾತೆ ಕ್ಲಾತಕ್’ ಎಂದರೆ ಆಡಿನ ಮಾಂಸ, ಅದಕ್ಕೆ ಬಹುತೇಕ ಉಪ್ಪೊಂದೇ ಮಸಾಲೆ. ಅದನ್ನು ಸೈಕಲ್ ಚಕ್ರದ ಕಡ್ಡಿಗೆ ಪೋಣಿಸಿ ಸುಡುತ್ತಾರೆ. ಲೋಹದ ಕಡ್ಡಿ ಶಾಖವನ್ನು ಮಾಂಸದ ಒಳಗೂ ಒಯ್ಯುತ್ತದೆ. ನಾವು ಮೆನುವಿನಲ್ಲಿ ನೋಡುವ ಶೇಂಗಾ ಸಾಸ್‌ನ ಸಾತೆ ಮುಖ್ಯವಾಗಿ ಮದುರಾ ಶೈಲಿಯದು. ಮದುರಾ ದ್ವೀಪದವರು ಹೊಟ್ಟೆಪಾಡಿಗಾಗಿ ಊರೂರಿಗೆ ಗಾಡಿ ತಳ್ಳಿಕೊಂಡು ಹೋದರು, ಅವರ ರುಚಿಯೇ ದೇಶದ ರುಚಿಯೆಂದು ಹೆಸರಾಯಿತು.

ಈ ಸಾಸ್ ಸಾವಿರಾರು ವರ್ಷ ಹಳೆಯದು ಎನ್ನುವ ಮಾತಂತೂ ನಿಲ್ಲುವುದೇ ಇಲ್ಲ. ಶೇಂಗಾದ ತವರು ದಕ್ಷಿಣ ಅಮೆರಿಕ. ಮೆಣಸಿನಕಾಯಿಯೂ ಅಮೆರಿಕದ್ದೇ. ಯುರೋಪಿನ ಹಡಗುಗಳು ಈ ಕಡೆಯ ಸಾಗರಗಳಿಗೆ ಬಂದ 16ನೇ ಶತಮಾನದಿಂದೀಚೆಗೇ ಇವೆರಡೂ ಏಷ್ಯಾದಲ್ಲಿ ಬೇರೂರಿದ್ದು. ಒಂಬತ್ತನೇ ಶತಮಾನದಲ್ಲಿ ಜಾವಾದ ಬೊರೊಬುದೂರು ಸ್ತೂಪ ಕಟ್ಟಿದವರಿಗೆ ಎರಡರ ರುಚಿಯೂ ಗೊತ್ತಿರಲಿಲ್ಲ. ನಮ್ಮ ಜೋಳದ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯೂ ಅಷ್ಟೇ ಈಚಿನದು.

“ಮುಸ್ಲಿಮರು ಹೆಚ್ಚಿರುವ ದೇಶ, ಅಂದಮೇಲೆ ಸಾತೆ ಎಂದರೆ ದನದ ಮಾಂಸವೇ” ಎನ್ನುವವರು ಮಧ್ಯ ಜಾವಾದ ಕುದುಸ್ ಪಟ್ಟಣದ ಕಥೆ ಕೇಳಬೇಕು. ಜಾವಾದಲ್ಲಿ ಇಸ್ಲಾಂ ಹರಡಿದ ಒಂಬತ್ತು ಮಂದಿ ಸಂತರಲ್ಲಿ ಒಬ್ಬರಾದ ಸುನಾನ್ ಕುದುಸ್, ಹಿಂದೂ ನೆರೆಹೊರೆಯವರ ಮನಸ್ಸು ನೋಯಬಾರದೆಂದು ಹಸು ಕಡಿಯಬೇಡಿ ಎಂದರಂತೆ. 16ನೇ ಶತಮಾನದ ಆ ಮಾತನ್ನು ಊರು ಈಗಲೂ ಪಾಲಿಸುತ್ತಿದೆ. ಅಲ್ಲಿನ ಹೆಸರಾಂತ ಸಾತೆ ಕೋಣದ ಮಾಂಸದ್ದು. ಇನ್ನು ದೇಶದ ಉಳಿದ ಕಡೆ ಕೋಳಿ ಮತ್ತು ಆಡಿನ ಸಾತೆಗೇ ಹೆಚ್ಚು ಓಟ. ಬಾಲಿಯಲ್ಲಿ ಮೀನನ್ನು ಅರೆದು ಕಡ್ಡಿಗೆ ಸುತ್ತುತ್ತಾರೆ.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. 2020ರ ಕಾಯ್ದೆಯಂತೆ ಇಲ್ಲಿ ಹಸು, ಕರು, ಹೋರಿ, ಎತ್ತು ಮತ್ತು 13 ವರ್ಷ ತುಂಬದ ಎಮ್ಮೆ, ಕೋಣಗಳ ವಧೆಗೆ ನಿಷೇಧವಿದೆ. ದನದ ಮಾಂಸದ ಸಾತೆಯನ್ನು ಇಲ್ಲಿ ಕುರಿ ಅಥವಾ ಆಡಿನ ಮಾಂಸದಲ್ಲಿ ಮಾಡಿಕೊಳ್ಳಬಹುದು. ಬೀಫ್ ಸಲೀಸಾಗಿ ಸಿಗುವ ದೇಶಗಳಲ್ಲಿರುವ ಕನ್ನಡಿಗರು ಮೂಲದಂತೆಯೇ ಮಾಡಬಹುದು. ಮುಂದೆ ಹೇಳುವ ವಿಧಾನ ಎರಡಕ್ಕೂ ಹೊಂದುತ್ತದೆ.

ಮಾಂಸ ಮೆತ್ತಗಾಗಲು ರಾತ್ರಿಯಿಡೀ ನೆನೆಸಬೇಕು ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿ, ಅತಿ ಹೆಚ್ಚು ಮಾಂಸ ಕೆಡಿಸುವುದೂ ಇದೇ. ಉಪ್ಪೊಂದನ್ನು ಬಿಟ್ಟರೆ ಮಸಾಲೆಯ ಬಹುಪಾಲು ಮಾಂಸದ ಮೇಲ್ಪದರದಿಂದ ಹೆಚ್ಚು ಒಳಗೆ ಇಳಿಯುವುದಿಲ್ಲ. ಸಾತೆಯ ತುಂಡು ಚಿಕ್ಕದಾಗಿರುವುದೇ ಇದಕ್ಕೆ ಪರಿಹಾರ. ಸುಮಾರು ಎರಡು ಸೆಂಟಿಮೀಟರ್ ಇದ್ದರೆ ಒಂದೆರಡು ಗಂಟೆ ಧಾರಾಳವಾಯಿತು. ಅನಾನಸ್ ರಸ, ಪಪ್ಪಾಯಿ ಎಲೆಯನ್ನು ಇಂಡೊನೇಷ್ಯಾದವರೂ ಬಳಸುತ್ತಾರೆ, ಆದರೆ ಹೆಚ್ಚು ಹೊತ್ತಲ್ಲ. ಅವುಗಳ ಕಿಣ್ವ ಮಾಂಸದ ಪ್ರೋಟೀನನ್ನೇ ಕತ್ತರಿಸುತ್ತದೆ, ಅರ್ಧ ಗಂಟೆಗೆ ಮೃದುವಾದದ್ದು ಮರುದಿನ ಬೆಳಿಗ್ಗೆಗೆ ಹೊರಗೆ ಪೇಸ್ಟ್‌ನಂತಾಗಿ, ಒಳಗೆ ಮೊದಲಿನಷ್ಟೇ ಗಟ್ಟಿ ಉಳಿದಿರುತ್ತದೆ. ಡಬ್ಬಿಯ ಅನಾನಸ್ ಹಾಕಿದರೆ ಸಿಹಿಯಷ್ಟೇ ಲಾಭ, ಡಬ್ಬಿಗೆ ತುಂಬುವಾಗಿನ ಬಿಸಿಗೆ ಕಿಣ್ವ ಸತ್ತಿರುತ್ತದೆ.

ನಿಜಕ್ಕೂ ಮೃದುತ್ವ ಕೊಡುವುದು ಚಾಕು. ಮಾಂಸವನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟರೆ ಬಿಗಿಯಾಗಿ, ಎಳೆ ಯಾವ ಕಡೆ ಓಡಿದೆ ಎಂದು ಕಾಣುತ್ತದೆ. ಆ ಎಳೆಗೆ ಅಡ್ಡಲಾಗಿ ಕೊಯ್ಯಬೇಕು. ಉದ್ದಕ್ಕೆ ಕೊಯ್ದರೆ ಎಳೆ ಕತ್ತರಿಸುವ ಕೆಲಸ ಹಲ್ಲಿಗೆ ಬೀಳುತ್ತದೆ. ಬೆನ್ನಿನ ಭಾಗ ಉತ್ತಮ. ಗಟ್ಟಿ ಭಾಗವೇ ಸಿಕ್ಕರೆ ಪಡಾಂಗ್‌ನವರ ದಾರಿ ಹಿಡಿಯಿರಿ: ಅವರು ನಾಲಿಗೆ, ಹೃದಯದಂಥ ಭಾಗಗಳನ್ನೂ ಮಸಾಲೆ ನೀರಿನಲ್ಲಿ ಮೊದಲು ಬೇಯಿಸಿ, ಆಮೇಲೆ ತುಂಡು ಮಾಡಿ ಸುಡುತ್ತಾರೆ. ಆ ನೀರೇ ಗಸಿಯಾಗುತ್ತದೆ. ಮತ್ತೆ, ಆರೋಗ್ಯದ ಹೆಸರಲ್ಲಿ ಚರ್ಬಿಯನ್ನೆಲ್ಲ ಕೆತ್ತಿ ಎಸೆಯಬೇಡಿ. ಮರಂಗಿ ಮಾಡುವವರು ಮಾಂಸದ ತುಂಡುಗಳ ನಡುವೆ ಬೇಕೆಂದೇ ಒಂದು ಚರ್ಬಿ ತುಂಡು ಪೋಣಿಸುತ್ತಾರೆ. ಅದು ಕರಗಿ ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯೇ ಸಾತೆಯ ವಾಸನೆ.

ನೆನೆಸಲು ಅರ್ಧ ಕೆಜಿ ಮಾಂಸಕ್ಕೆ ಒಂದು ದೊಡ್ಡ ಚಮಚ ಹುರಿದ ಕೊತ್ತಂಬರಿ ಬೀಜದ ಪುಡಿ, ಐದಾರು ಸಣ್ಣ ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಉಪ್ಪು ಮತ್ತು ಎರಡು ಚಮಚ ‘ಕೆಚಪ್ ಮಾನಿಸ್’ ಎಂಬ ಸಿಹಿ ಸೋಯಾ ಸಾಸ್ ಸಾಕು. ಇದು ಸಿಗದಿದ್ದರೆ ಮಾಮೂಲು ಸೋಯಾ ಸಾಸ್ ಒಂದೇ ಹಾಕಿ ಸುಮ್ಮನಾಗಬೇಡಿ, ಬರೀ ಉಪ್ಪಾಗುತ್ತದೆ. ಸೋಯಾ ಸಾಸ್‌ಗೆ ಸಮಪ್ರಮಾಣದ ಜೋನಿ ಬೆಲ್ಲ, ಒಂದು ಚಕ್ರಮೊಗ್ಗು ಸೇರಿಸಿ ಮಂದವಾಗುವವರೆಗೆ ಕುದಿಸಿ. ಮಲೆನಾಡಿನ ಜೋನಿ ಬೆಲ್ಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕರಾವಳಿಯ ಓಲೆ ಬೆಲ್ಲವಾದರೆ ಇನ್ನೂ ಹತ್ತಿರ, ಇಂಡೊನೇಷ್ಯಾದಲ್ಲೂ ತಾಳೆ ಜಾತಿಯ ಮರದ ಬೆಲ್ಲವೇ.

ಜೋರು ಉರಿಗೆ ಹಿಡಿದರೆ ಹೊರಪದರ ಮುಚ್ಚಿಕೊಂಡು ರಸ ಒಳಗೇ ಉಳಿಯುತ್ತದೆ ಎಂಬುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜನಪ್ರಿಯಗೊಳಿಸಿದವನು ಜರ್ಮನ್ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫೋನ್ ಲೀಬಿಗ್. ಪ್ರಯೋಗಗಳಲ್ಲಿ ಅದು ಸುಳ್ಳೆಂದು ಸಾಬೀತಾಯಿತು; ಅಡುಗೆಯ ವಿಜ್ಞಾನದ ಬರಹಗಾರ ಹೆರಾಲ್ಡ್ ಮೆಗೀ 1984ರ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಚುಂಯ್ ಎನ್ನುವ ಸದ್ದೇ ರಸ ಹೊರಬರುತ್ತಿರುವುದಕ್ಕೆ ಸಾಕ್ಷಿ. ಕಂದು ಬಣ್ಣ ಕೊಡುವುದು ರುಚಿಯನ್ನು, ತೇವವನ್ನಲ್ಲ. ಹೀಗಾಗಿ ಬೇಕಾದದ್ದು ಉರಿಯಲ್ಲ, ಬೂದಿ ಕವಿದ ಕೆಂಡ. ಜ್ವಾಲೆ ತಾಗಿದರೆ ಮಸಿ ಹಿಡಿಯುತ್ತದೆ. ಇಂಡೊನೇಷ್ಯಾದ ಮಾರಾಟಗಾರರು ತೆಂಗಿನ ಚಿಪ್ಪಿನ ಇದ್ದಿಲಿಗೆ ಬಿದಿರ ಬೀಸಣಿಗೆಯಿಂದ ಬೀಸುತ್ತಲೇ ಇರುವುದು ಕೆಂಡವನ್ನು ಕೆಂಪಾಗಿಡಲಿಕ್ಕೆ. ಸಿಹಿ ಸಾಸನ್ನು ಮೊದಲೇ ದಪ್ಪಗೆ ಸವರಿದರೂ ಕರಿಕಲಾಗುವುದು ಖಂಡಿತ. ಅರ್ಧ ಬೆಂದ ಮೇಲೆ ಕಡ್ಡಿಗಳನ್ನು ಅದರಲ್ಲಿ ಅದ್ದಿ ಮತ್ತೆ ಕೆಂಡಕ್ಕಿಡಬೇಕು. ಹಸಿ ಮಾಂಸ ನೆನೆದ ಮಸಾಲೆಯನ್ನು ಹಾಗೇ ಸವರಬಾರದು, ಕುದಿಸಿಯೇ ಬಳಸಬೇಕು.

ಬಿದಿರು ಕಡ್ಡಿಯನ್ನು ಗಂಟೆಗಟ್ಟಲೆ ನೀರಲ್ಲಿಟ್ಟರೆ ಸುಡುವುದಿಲ್ಲವೆಂಬ ನಂಬಿಕೆಗೂ ಅಷ್ಟೇ ಬೆಲೆ. ಬಿದಿರು ನೀರು ಕುಡಿಯುವುದು ಅಲ್ಪ, ಅದು ಆರುವುದು ನಿಮಿಷಗಳಲ್ಲಿ. ಅಲ್ಲಿನ ಒಲೆಯನ್ನು ನೋಡಿದರೆ ಉತ್ತರ ಸಿಗುತ್ತದೆ: ಉದ್ದನೆಯ, ತೀರ ಕಿರಿದಾದ ತೊಟ್ಟಿ. ಮಾಂಸ ಕೆಂಡದ ಮೇಲೆ, ಕಡ್ಡಿಯ ಹಿಡಿ ಆಚೆಗೆ. ಮನೆಯಲ್ಲಿ ಎರಡು ಸಾಲು ಇಟ್ಟಿಗೆ ಹತ್ತಿರ ಜೋಡಿಸಿದರೂ ಅದೇ ಆಕಾರ ಬರುತ್ತದೆ. ಆದರೆ ಅಂಗಳದಲ್ಲಿ ಮಾತ್ರ. ಕಿಟಕಿ ತೆರೆದಿದೆಯೆಂದು ಇದ್ದಿಲನ್ನು ಅಡುಗೆಮನೆಯೊಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಜೀವಕ್ಕೇ ಅಪಾಯ. ಫ್ಲ್ಯಾಟಿನವರಿಗೆ ಚೆನ್ನಾಗಿ ಕಾದ ಕಬ್ಬಿಣದ ಕಾವಲಿಯೇ ಲೇಸು, ಹೊಗೆಯ ವಾಸನೆ ಸ್ವಲ್ಪ ಕಡಿಮೆ ಅಷ್ಟೇ.

ಉಳಿದದ್ದು ಆ ಶೇಂಗಾ ಸಾಸ್. ಪೀನಟ್ ಬಟರ್‌ಗೆ ತೆಂಗಿನ ಹಾಲು ಬೆರೆಸುವುದು ಥಾಯ್ ಅಡುಗೆಯ ಕಡೆಗೆ ವಾಲುತ್ತದೆ. ಮದುರಾ ಶೈಲಿಗೆ ಸಾಮಾನ್ಯವಾಗಿ ತೆಂಗಿನ ಹಾಲಿಲ್ಲ. 200 ಗ್ರಾಂ ಶೇಂಗಾವನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಮುಗ್ಗಿದ ಕಾಳಿದ್ದರೆ ಮೊದಲೇ ಎಸೆಯಿರಿ, ಬೂಷ್ಟಿನ ವಿಷ ಕರಿದರೂ ಪೂರ್ತಿ ಹೋಗುವುದಿಲ್ಲ. ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮೆಣಸಿನಕಾಯಿಯನ್ನೂ ಬಾಡಿಸಿ, ಬೆಲ್ಲ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿ, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಮೇಲೆ ಎಣ್ಣೆ ತೇಲಿದರೆ ಒಡೆಯಿತೆಂದು ಗಾಬರಿ ಬೇಡ, ಬೆಂದಿದೆ ಎಂದರ್ಥ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಆರಿದಂತೆ ಗಟ್ಟಿಯಾಗುತ್ತದೆ, ಆಗ ಒಂದೆರಡು ಚಮಚ ಬಿಸಿನೀರು ಹಾಕಿ ಕಲಸಿದರೆ ಸರಿಹೋಗುತ್ತದೆ. ಬಡಿಸುವಾಗ ಮೇಲೊಂದಿಷ್ಟು ಕೆಚಪ್ ಮಾನಿಸ್, ಹೆಚ್ಚಿದ ಹಸಿ ಈರುಳ್ಳಿ, ನಿಂಬೆ ಹೋಳು.